ನಾವೂ ಶಾಣ್ಯಾರೇ, ಸ್ವಾಮಿ

ಮೊನ್ನೆ ಭಾನುವಾರ ನಮ್ಮ ಕಲಬುರಗಿಯಲ್ಲಿ ನಡೆದ ಪ್ರತಿಭಾ ಪುರಸ್ಕಾರ ಸಮಾರಂಭದಿಂದ ಮರಳಿದ ಮೇಲೆ ನಾನು ಯಾರೊಂದಿಗೂ ಸರಿಯಾಗಿ ಮಾತನಾಡಿಲ್ಲವೆಂದು ಮನೆಯವರ ದೂರು ಇದೆ. ಇದಕ್ಕೆ ಕಾರಣ ಅಂದಿನ ಮುಖ್ಯ ಅತಿಥಿ. ಕರಾವಳಿಯಿಂದ ಬಂದಿದ್ದ ಆ ಮಹನೀಯರು ಮಕ್ಕಳಿಗೆ ಫಲಕ ಕೊಟ್ಟು, ಶಾಲು ಸರಿಪಡಿಸಿಕೊಂಡು, "ನಮ್ಮದು ಬುದ್ಧಿವಂತರ ಜಿಲ್ಲೆ, ನಿಮ್ಮದೂ ಬೇಗ ಹಾಗಾಗಲಿ" ಎಂದು ಹರಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಈಗ ಹೆಚ್ಚು ಉರಿಯುತ್ತಿರುವುದು ಅದೇ.

ಅಂಕಿಗಳನ್ನು ನಾನು ಅಲ್ಲಗಳೆಯುತ್ತಿಲ್ಲ. 2025ರ ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12 ಫಲಿತಾಂಶ ಪಡೆದು ಮೊದಲ ಸ್ಥಾನದಲ್ಲಿತ್ತು, ಕಲಬುರಗಿ ಶೇ. 42.43 ಪಡೆದು ಕಟ್ಟಕಡೆಯಲ್ಲಿತ್ತು. ಇದು ನಾಚಿಕೆಪಡಬೇಕಾದ ಸಂಗತಿಯೇ. ಆದರೆ ನಾಚಿಕೆ ಪಡಬೇಕಾದದ್ದು ಶಾಲೆ, ಶಿಕ್ಷಕರ ಕೊರತೆ, ಗುಳೆ ಹೋಗುವ ತಂದೆತಾಯಿಗಳ ಪಾಡು ಇವುಗಳ ಬಗ್ಗೆ. ಫಲಿತಾಂಶದ ಪಟ್ಟಿಯನ್ನು ಬುದ್ಧಿಯ ಪಟ್ಟಿಯೆಂದು ಓದುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?

ಬುದ್ಧಿ ಎಂಬ ಪದವನ್ನು ನಾವು ದಿನವಿಡೀ ಹೇಗೆ ಬಳಸುತ್ತೇವೆ ನೋಡಿ. ಒಬ್ಬರಿಗೆ ಬುದ್ಧಿ ಹೇಳುವುದೆಂದರೆ ಬೀಜಗಣಿತ ಹೇಳಿಕೊಡುವುದಲ್ಲ. "ನಿನಗೆ ಬುದ್ಧಿ ಕಲಿಸುತ್ತೇನೆ" ಎಂದು ತೋಳೇರಿಸಿದವನು ಟ್ಯೂಷನ್ ಕೇಂದ್ರ ತೆರೆಯುವವನಲ್ಲ. ಸಣ್ಣಬುದ್ಧಿ, ಮಂಗನ ಬುದ್ಧಿ, ದುರ್ಬುದ್ಧಿ ಎಂದಾಗಲೆಲ್ಲ ನಾವು ಹೇಳುತ್ತಿರುವುದು ಸ್ವಭಾವವನ್ನು, ನಡತೆಯನ್ನು. ಶೇ. 98 ಅಂಕ ಪಡೆದವನಿಗೂ ಸಣ್ಣಬುದ್ಧಿ ಇರಬಹುದೆಂಬುದನ್ನು ಕನ್ನಡ ಭಾಷೆ ಮೊದಲೇ ಒಪ್ಪಿಕೊಂಡಿದೆ, ಅತಿಥಿಗಳು ಇನ್ನೂ ಒಪ್ಪಿಕೊಂಡಿಲ್ಲ. (ಬುದ್ಧಿಜೀವಿ ಎಂಬುದು ಈಚೆಗೆ ಬೈಗುಳವಾಗಿರುವ ಕಥೆ ಬೇರೆ, ಅದನ್ನು ಇಲ್ಲಿ ಎತ್ತಿದರೆ ನಮ್ಮ ಸ್ನೇಹಿತರಲ್ಲೇ ಜಗಳ ಹತ್ತುತ್ತದೆ.)

ಸಂಸ್ಕೃತದವರೂ ಇಷ್ಟು ಜಿಪುಣರಾಗಿರಲಿಲ್ಲ. ಅಮರಕೋಶ ಬುದ್ಧಿಗೆ ಮನೀಷಾ, ಧಿಷಣಾ, ಧೀ, ಪ್ರಜ್ಞಾ, ಮತಿ ಎಂದು ಮುಂತಾಗಿ ಒಟ್ಟು 14 ಹೆಸರು ಕೊಟ್ಟು, ಮೇಧಾ ಎಂಬುದನ್ನು ಮಾತ್ರ ಬೇರೆ ತೆಗೆದಿಟ್ಟು, ಧಾರಣಶಕ್ತಿಯುಳ್ಳ ಧೀಯೇ ಮೇಧಾ ಎನ್ನುತ್ತದೆ. ಎಂದರೆ, ಓದಿದ್ದನ್ನು ಮರೆಯದೆ ಹಿಡಿದಿಟ್ಟುಕೊಂಡು ಮೂರು ಗಂಟೆಯಲ್ಲಿ ಉತ್ತರಪತ್ರಿಕೆಯ ಮೇಲೆ ಇಳಿಸುವ ಮಗುವಿಗೆ ಸಲ್ಲುವ ಹೆಸರು ಮೇಧಾವಿ. ಆ ಹೆಸರು ಸಣ್ಣದೇನಲ್ಲ. ಅಷ್ಟಕ್ಕೆ ತೃಪ್ತರಾಗದೆ ಉಳಿದ ಹದಿನಾಲ್ಕನ್ನೂ ಅದೇ ಫಲಕದ ಮೇಲೆ ಏಕೆ ಕೆತ್ತಿಸುತ್ತೀರಿ?

ಇನ್ನು ನಮ್ಮ ಭಾಗದ ಮಾತಿಗೆ ಬರೋಣ, ಏಕೆಂದರೆ ನನ್ನ ಸಿಟ್ಟಿನ ಬೇರು ಇರುವುದು ಇಲ್ಲಿಯೇ. ಬುದ್ಧಿವಂತ ಎಂಬುದಕ್ಕೆ ಮರಾಠಿಯಿಂದ ಬಂದ ಶಾಣ್ಯಾ, ಫಾರ್ಸಿಯಿಂದ ಬಂದ ಹುಷಾರ್, ಚಾಲಾಕ್, ಅರಬಿಯಿಂದ ಬಂದ ಅಕಲ್, ಸಂಸ್ಕೃತ-ಪ್ರಾಕೃತದ ದಾರಿಯಲ್ಲಿ ಬಂದ ಜಾಣ, ನಮ್ಮದೇ ಆದ ತಿಳಿವಳಿಕೆ, ಅರಿವು ಇವೆಲ್ಲ ನಮ್ಮ ಕಟ್ಟೆಯ ಮೇಲೆ ಅಕ್ಕಪಕ್ಕದಲ್ಲಿ ಕೂತಿವೆ, ಆದರೆ ಯಾವುದೂ ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಹುಷಾರ್ ಹುಡುಗ ಲೆಕ್ಕ ಬೇಗ ಬಿಡಿಸುತ್ತಾನೆ. ಚಾಲಾಕ್ ಆದವನು ಲೆಕ್ಕದಲ್ಲಿ ನಿಮಗೇ ಹತ್ತು ರೂಪಾಯಿ ಕಡಿಮೆ ಕೊಡುತ್ತಾನೆ. "ಭಾಳ ಶಾಣ್ಯಾ ಹಾನ" ಎಂಬ ಮಾತು ಹೊಗಳಿಕೆಯೋ ಚುಚ್ಚುಮಾತೋ ಎಂಬುದು ಹೇಳುವವರ ಹುಬ್ಬನ್ನು ನೋಡಿದರೆ ಮಾತ್ರ ತಿಳಿಯುತ್ತದೆ. ಬೆಂಗಳೂರಿನಲ್ಲಿ ನಾನು ಬಿ.ಎಡ್. ಓದುವಾಗ ಒಂದು ದಿನ ಕೋಣೆಯ ಗೆಳೆಯ "ಯಾಕೋ, ಹುಷಾರಿಲ್ವಾ?" ಎಂದು ಕೇಳಿದ್ದಕ್ಕೆ, ನನ್ನನ್ನು ದಡ್ಡನೆಂದನಲ್ಲ ಎಂದು ಎರಡು ದಿನ ಮಾತು ಬಿಟ್ಟಿದ್ದೆ. ಅವನು ಪಾಪ ಜ್ವರದ ಮಾತ್ರೆ ಹಿಡಿದುಕೊಂಡು ನಿಂತಿದ್ದ.

ಅಕಲ್ ಪದದ ಮೂಲದಲ್ಲಿ ಕಟ್ಟಿಹಾಕುವ ಅರ್ಥವಿದೆ. ಒಂಟೆಯ ಕಾಲಿಗೆ ಬಿಗಿಯುವ ಹಗ್ಗಕ್ಕೆ ಅರಬಿಯಲ್ಲಿ ಅದೇ ಧಾತುವಿನಿಂದ ಬಂದ ಹೆಸರು. ಆದ್ದರಿಂದ "ನಿನಗ ಅಕಲ್ ಅದ ಇಲ್ಲ?" ಎಂದು ನಮ್ಮ ಅಜ್ಜಿ ಗದರಿದಾಗ, ನಿನ್ನನ್ನು ನೀನು ತಡೆದುಕೊಳ್ಳಬಲ್ಲೆಯಾ ಎಂದೇ ಕೇಳುತ್ತಿದ್ದಳೆಂದು ನಾನು ಈಗ ಅರ್ಥ ಮಾಡಿಕೊಳ್ಳುತ್ತೇನೆ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ವಿದ್ವಾಂಸ ವಜೀರ ಮಹಮೂದ್ ಗವಾನನನ್ನು 1481ರಲ್ಲಿ ಒಂದು ನಕಲಿ ಪತ್ರವನ್ನು ನಂಬಿ ಕೊಲ್ಲಿಸಿದ ಸುಲ್ತಾನನಿಗೆ ಇಲ್ಲದೆ ಹೋದದ್ದು ಆ ಹಗ್ಗವೇ. ಅಂದು ಯಾರೂ ಅವನ ಅಂಕಪಟ್ಟಿ ಕೇಳಲಿಲ್ಲ.

ಇಷ್ಟು ಬರೆದಾಗ ಒಬ್ಬರು ಬಂದೇ ಬರುತ್ತಾರೆ: ಬುದ್ಧಿಯನ್ನು ವೈಜ್ಞಾನಿಕವಾಗಿ ಅಳೆಯಬಹುದು, ಐಕ್ಯೂ ಇದೆಯಲ್ಲ, ಎಂದು. ಇದೆ. 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್ ಆ ಪರೀಕ್ಷೆಯನ್ನು ರೂಪಿಸಿದ್ದು ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ಗುರುತಿಸಲು. ಮಗುವಿನ ಬುದ್ಧಿ ಹುಟ್ಟಿದಷ್ಟೇ, ಬೆಳೆಯದು ಎಂಬ ಮಾತನ್ನು ಬಿನೆ ಸ್ವತಃ ವಿರೋಧಿಸಿದವರು. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ಒಂದೇ ಸಂಖ್ಯೆಗೆ ಇಳಿಸುವ ಲೆಕ್ಕವನ್ನು 1912ರಲ್ಲಿ ಸೂಚಿಸಿದವರು ಜರ್ಮನಿಯ ವಿಲಿಯಂ ಸ್ಟರ್ನ್. ನೆರವು ಕೊಡಲೆಂದು ಹುಟ್ಟಿದ ಅಳತೆಗೋಲನ್ನು ಹಿಡಿದು ನೆರವು ಬೇಕಾದವರನ್ನೇ ಹೀಯಾಳಿಸುವವರಿಗೆ ನಾನು ಇದಕ್ಕಿಂತ ದೀರ್ಘವಾದ ಉತ್ತರ ಕೊಡುವುದಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ತರಗತಿಯಲ್ಲಿ "ಬುದ್ಧಿವಂತರು ಮುಂದೆ ಬನ್ನಿ" ಎಂದು ಕರೆದು, ಉಳಿದವರನ್ನು ಕಿಟಕಿಯ ಕಡೆಗೆ ಕೂರಿಸಿದ ಮಾಸ್ತರರಲ್ಲಿ ನಾನೂ ಒಬ್ಬ. ನನ್ನ ಬಳಿ ಕಲಿತ ಕೆಲವರು ಇದನ್ನು ಓದುತ್ತಿದ್ದಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಷ್ಟೇ ಅಲ್ಲ, ನನ್ನ ಮಗನ ಹತ್ತನೆಯ ತರಗತಿಯ ಫಲಿತಾಂಶವನ್ನು ನೆಂಟರ ಮದುವೆಯೊಂದರಲ್ಲಿ ಕೇಳಿದಾಗ ಶೇಕಡಾ ಹನ್ನೊಂದು ಸೇರಿಸಿ ಹೇಳಿದ್ದೇನೆ. ಅವನು ಪಕ್ಕದಲ್ಲೇ ನಿಂತಿದ್ದ, ಏನೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಅಕಲ್ ಇದ್ದದ್ದು ನಮ್ಮಿಬ್ಬರಲ್ಲಿ ಅವನಿಗೆ.

ಇದನ್ನು ಹಾಕುವ ಮುಂಚೆ ಅವನಿಗೆ ಓದಲು ಕೊಟ್ಟೆ. ಪೂರ್ತಿ ಓದಿ, "ಅಪ್ಪಾ, ಅತಿಥಿಗೆ ಬೈದಿದ್ದು ಛಲೋ ಆಗ್ಯದ, ಆದ್ರ ನನ್ನ ಖರೇ ಪರ್ಸೆಂಟ್ ಮಾತ್ರ ಬರೀಬ್ಯಾಡ್ರಿ" ಎಂದ. ಬರೆದಿದ್ದೆ, ತೆಗೆದಿದ್ದೇನೆ.