ಡೆನ್ವರ್‌ನ ರನ್‌ಗಳಿಗೆ ಕೊಂಕು ತೆಗೆಯುವ ಮುನ್ನ

ಅಮೆರಿಕದ ಡೆನ್ವರ್ ನಗರದ ಬೇಸ್‌ಬಾಲ್ ತಂಡವಾದ ಕೊಲರಾಡೊ ರಾಕೀಸ್‌ನ ಯಾವ ಬ್ಯಾಟರ್ ಎಷ್ಟೇ ಚೆನ್ನಾಗಿ ಹೊಡೆಯಲಿ, ಬೇಸ್‌ಬಾಲ್ ನೋಡುವವರು "ಅದೆಲ್ಲ ಡೆನ್ವರ್ ಗಾಳಿಯ ಆಟ ಬಿಡಿ" ಅಂದುಬಿಡುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಗಾಳಿಯ ಪಾತ್ರ ಇಲ್ಲ ಅಂತಲ್ಲ. ರಾಕೀಸ್‌ನ ತವರು ಮೈದಾನ ಕೂರ್ಸ್ ಫೀಲ್ಡ್‌ನ ಮೇಲಿನ ಗ್ಯಾಲರಿಯಲ್ಲಿ ಹಸಿರು ಸೀಟುಗಳ ನಡುವೆ ಒಂದು ಸಾಲು ಮಾತ್ರ ನೇರಳೆ ಬಣ್ಣದ್ದು. ಸಮುದ್ರ ಮಟ್ಟದಿಂದ ಒಂದು ಮೈಲಿ, ಅಂದರೆ 5,280 ಅಡಿ ಎತ್ತರದ ಗುರುತು ಅದು. ಅಷ್ಟು ಮೇಲೆ ಗಾಳಿ ತೆಳು. ಹೊಡೆದ ಚೆಂಡಿಗೆ ತಡೆ ಕಡಿಮೆ, ಹಾಗಾಗಿ ಜಾಸ್ತಿ ದೂರ ಹೋಗುತ್ತದೆ. ಪಿಚರ್, ಅಂದರೆ ಚೆಂಡು ಎಸೆಯುವವನ ಪಾಡು ಇನ್ನೂ ಕಷ್ಟ. ಕರ್ವ್‌ಬಾಲ್ ಬಾಗಬೇಕಾದರೆ ತಿರುಗುವ ಚೆಂಡಿಗೆ ಗಾಳಿಯ ಹಿಡಿತ ಸಿಗಬೇಕು. ಅಲ್ಲಿ ಆ ಹಿಡಿತವೇ ಸಡಿಲ. 1999ರಲ್ಲಿ ಈ ಒಂದೇ ಮೈದಾನದಲ್ಲಿ 303 ಹೋಮ್ ರನ್ (ಬೇಲಿ ದಾಟುವ ಹೊಡೆತ) ಬಂದವು.

ಕಟ್ಟಿದವರಿಗೂ ಇದು ಗೊತ್ತಿತ್ತು. ಅದಕ್ಕೇ ಬೇಲಿಯನ್ನು ದೂರ ಇಟ್ಟರು. ಬ್ಯಾಟರ್ ನಿಲ್ಲುವ ಜಾಗದಿಂದ ಎಡ ತುದಿಗೆ 347 ಅಡಿ, ಮಧ್ಯಕ್ಕೆ 415. ಇಲ್ಲೇ ಇರೋದು ನಿಜವಾದ ಪೇಚು. ಬೇಲಿ ದೂರ ಹೋದಷ್ಟೂ ಔಟ್‌ಫೀಲ್ಡ್ ಅಗಲವಾಯಿತು, ಕಾಯುವವರು ಮಾತ್ರ ಅದೇ ಮೂವರು. ತಲೆ ಮೇಲೆ ಹಾರುವ ಚೆಂಡಿಗೆ ಹೆದರಿ ಅವರು ಹಿಂದೆ ಸರಿದು ನಿಂತರೆ ಮುಂದೆ ಸಿಂಗಲ್ (ಮೊದಲ ಬೇಸ್ ತಲುಪಿಸುವ ಹೊಡೆತ) ಬೀಳುತ್ತದೆ. ಇಬ್ಬರ ನಡುವೆ ನುಗ್ಗಿದ ಚೆಂಡು ಬೇಲಿ ಮುಟ್ಟಿ ವಾಪಸ್ ಬರುವಷ್ಟರಲ್ಲಿ ಬ್ಯಾಟರ್ ಮೂರನೇ ಬೇಸ್‌ನಲ್ಲಿರುತ್ತಾನೆ. ಹೋಮ್ ರನ್ ಎಣಿಸುವವರು ಈ ಖಾಲಿ ಜಾಗವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಅಲ್ಲಿನ ಒಣ ಹವೆಗೆ ಚೆಂಡೂ ಒಣಗಿ, ಹಗುರಾಗಿ, ಜಾಸ್ತಿ ಪುಟಿಯುತ್ತಿತ್ತು. 2002ರಿಂದ ಚೆಂಡುಗಳನ್ನು ತೇವಾಂಶ ಕಾಯುವ ಹ್ಯುಮಿಡರ್ ಕೋಣೆಯಲ್ಲಿ ಇಡುತ್ತಿದ್ದಾರೆ. ರನ್ ಕಡಿಮೆಯಾದವು, ಮಾತು ಮಾತ್ರ ಕಡಿಮೆಯಾಗಲಿಲ್ಲ.

ರಾಕೀಸ್ ಬ್ಯಾಟರ್ ಲ್ಯಾರಿ ವಾಕರ್ ಅವರನ್ನೇ ನೋಡಿ. 1997ರಲ್ಲಿ 49 ಹೋಮ್ ರನ್ ಹೊಡೆದರು. ಅದರಲ್ಲಿ 29 ಬೇರೆ ಊರಿನ ಮೈದಾನಗಳಲ್ಲಿ! ಡೆನ್ವರ್ ಗಾಳಿ ಅವರ ಜೊತೆ ವಿಮಾನ ಹತ್ತಿತ್ತಾ? ಆದರೂ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಅವರು ಆಯ್ಕೆಯಾಗಿದ್ದು 2020ರಲ್ಲಿ, ಮತದಾನದ ಹತ್ತನೇ ಹಾಗೂ ಕೊನೆಯ ಅವಕಾಶದಲ್ಲಿ.

ಮನೆಯಂಗಳದಲ್ಲಿ ಅಷ್ಟು ಬಾಗದ ಕರ್ವ್‌ಬಾಲ್ ನೋಡಿ ಪಳಗಿದ ಕಣ್ಣು, ಮರುದಿನ ಸಮುದ್ರದ ಪಕ್ಕದ ಸ್ಯಾನ್ ಡಿಯೇಗೊದಲ್ಲಿ ಚೆನ್ನಾಗಿ ಬಾಗುವ ಕರ್ವ್‌ಬಾಲ್ ಎದುರಿಸಬೇಕು. ಆ ಕಷ್ಟಕ್ಕೆ ಯಾರಾದರೂ ಅಂಕ ಕೊಡುತ್ತಾರಾ?

ಬೇರೆ ಕಡೆ ಯಾಕೆ ಈ ತಕರಾರು ಇಷ್ಟಿಲ್ಲ? ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಎಡ ತುದಿಯ ಗೋಡೆ ಇರುವುದು ಬರೀ 310 ಅಡಿ ದೂರದಲ್ಲಿ. ಗೋಡೆ 37 ಅಡಿ ಎತ್ತರ, ನಿಜ. ಆದರೆ ಬೇರೆಡೆ ಕ್ಯಾಚ್ ಆಗುವ ಚೆಂಡು ಅಲ್ಲಿ ಗೋಡೆಗೆ ಬಡಿದು ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ) ಆಗುತ್ತದೆ. ಷಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ 1979ರ ಮೇ 17ರಂದು ಗಾಳಿ ಬೇಲಿಯ ಕಡೆ ಬೀಸುತ್ತಿತ್ತು. ಫಿಲೀಸ್ ತಂಡಕ್ಕೆ 23 ರನ್, ಕಬ್ಸ್ ತಂಡಕ್ಕೆ 22! ಅದನ್ನು ಜನ ಇವತ್ತಿಗೂ ಖುಷಿಯಿಂದ ನೆನೆಯುತ್ತಾರೆ.

ಮೈದಾನದ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಿ ಅಂತ ನನ್ನ ಮನವಿ. ಹಾಗೆ ಹಾಕಿದರೆ 1996ರ ಸೆಪ್ಟೆಂಬರ್ 17ರ ರಾತ್ರಿ ಎದುರಾಳಿ ತಂಡದ ಪಿಚರ್ ಹಿಡಿಯೊ ನೊಮೊ ಮಾಡಿದ್ದಕ್ಕೂ ತಕ್ಕ ಬೆಲೆ ಸಿಗುತ್ತದೆ. ಮಳೆ, ಚಳಿ, ಜಾರುವ ನೆಲ. ಅದೇ ಕೂರ್ಸ್ ಫೀಲ್ಡ್‌ನಲ್ಲಿ ಅವರು ರಾಕೀಸ್‌ಗೆ ಒಂದೂ ಹಿಟ್ (ಬೇಸ್ ತಲುಪಿಸುವ ಹೊಡೆತ) ಕೊಡಲಿಲ್ಲ. ನನ್ನ ಪ್ರಕಾರ ಬೇಸ್‌ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ಪಿಚಿಂಗ್ ಇನ್ನೊಂದಿಲ್ಲ.