ನಿಮ್ಮ ಗೋಡೆ ನಿಮ್ಮದು, ನನ್ನನ್ಯಾಕೆ ಟ್ಯಾಗ್ ಮಾಡ್ತೀರಿ?

ತನ್ನ ಪುಸ್ತಕ, ತನ್ನ ಹಾಡು, ತನ್ನ ವ್ಯಾಪಾರದ ಬಗ್ಗೆ ತಾನೇ ಬರೆದುಕೊಂಡರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. "ನೋಡು, ತನ್ನ ಬೆನ್ನು ತಾನೇ ತಟ್ಕೊಳ್ತಾನೆ" ಅಂತ. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ. ದೊಡ್ಡ ಕಂಪನಿಗಳ ಹತ್ತಿರ ಜಾಹೀರಾತಿಗೆ ದುಡ್ಡಿದೆ. ಒಬ್ಬರೇ ಕೂತು ಕೆಲಸ ಮಾಡುವವರಿಗೆ ಇರುವುದು ಈ ಫೇಸ್‌ಬುಕ್ ಗೋಡೆ ಒಂದೇ. ಕಷ್ಟಪಟ್ಟು ಮಾಡಿದ್ದನ್ನು ನಾವೇ ಹೇಳದೆ ಇನ್ಯಾರು ಹೇಳಬೇಕು? ಧಾರಾಳವಾಗಿ ಹೇಳಿಕೊಳ್ಳಿ.

ನನ್ನ ತಕರಾರೆಲ್ಲ ಬೇರೆಯವರ ಜಾಗಕ್ಕೆ ನುಗ್ಗಿ ಹೇಳುವುದರ ಬಗ್ಗೆ.

ಟ್ಯಾಗ್ ಮಾಡುವ ಚಟವನ್ನೇ ನೋಡಿ. ಒಂದು ಪೋಸ್ಟರ್, ಅದರ ಜೊತೆ ನಲವತ್ತೈವತ್ತು ಜನರ ಹೆಸರು. ಆ ಕಾರ್ಯಕ್ರಮಕ್ಕೂ ಅವರಿಗೂ ಯಾವ ಸಂಬಂಧವೂ ಇರುವುದಿಲ್ಲ. ಯಾರೋ ಒಬ್ಬರು "ಅಭಿನಂದನೆಗಳು" ಅಂದರೆ ಸಾಕು, ಉಳಿದವರ ಫೋನೂ ಟಿಣ್ ಅನ್ನುತ್ತೆ. ಟ್ಯಾಗ್ ಮಾಡಿದರೆ ಅವರ ಸ್ನೇಹಿತರಿಗೂ ಕಾಣುತ್ತೆ ಅನ್ನೋ ಆಸೆ, ಅಲ್ವಾ? ಆದರೆ ಆ ಸ್ನೇಹಿತರನ್ನು ಸಂಪಾದಿಸಿಕೊಂಡಿದ್ದು ಅವರು. ಟ್ಯಾಗ್ ಮಾಡಿದ ಪೋಸ್ಟು ನಾವು ಒಪ್ಪಿಗೆ ಕೊಡುವವರೆಗೆ ನಮ್ಮ ಪ್ರೊಫೈಲ್‌ನಲ್ಲಿ ಕಾಣದ ಹಾಗೆ ಫೇಸ್‌ಬುಕ್‌ನಲ್ಲೇ ಒಂದು ಸೆಟ್ಟಿಂಗ್ ಇದೆ. ಮುಖಕ್ಕೆ ಹೇಳಲು ದಾಕ್ಷಿಣ್ಯ ಪಡುವವರು ಅದನ್ನು ಸದ್ದಿಲ್ಲದೆ ಆನ್ ಮಾಡಿಕೊಂಡಿರುತ್ತಾರೆ. ನೀವು ಮಾಡಿದ ಟ್ಯಾಗ್ ಅಲ್ಲೇ ಕೊಳೆಯುತ್ತಿರುತ್ತೆ, ನಿಮಗೆ ಗೊತ್ತೂ ಆಗುವುದಿಲ್ಲ. ವಾಟ್ಸಾಪ್‌ನಲ್ಲೂ ಹಾಗೇ. ಹೇಳದೆ ಕೇಳದೆ ಗ್ರೂಪಿಗೆ ಸೇರಿಸುವವರನ್ನು ತಡೆಯುವ ಸೆಟ್ಟಿಂಗ್ 2019ರಲ್ಲೇ ಬಂತು.

ಇನ್‌ಬಾಕ್ಸ್ ಕತೆ ಇನ್ನೂ ಚೆಂದ. ವರ್ಷಗಟ್ಟಲೆ ಮಾತಿಲ್ಲದವರಿಂದ ಒಂದು ದಿನ ಮೆಸೇಜ್.

"ಚೆನ್ನಾಗಿದ್ದೀರಾ?"

ನಮಗೂ ಖುಷಿ. "ಚೆನ್ನಾಗಿದ್ದೀನಿ, ನೀವು ಹೇಗಿದ್ದೀರಿ?" ಅಂತೀವಿ. ಉತ್ತರಕ್ಕೆ ಒಂದು ಲಿಂಕ್ ಬಂದು ಬೀಳುತ್ತೆ. "ಲೈಕ್, ಶೇರ್, ಸಬ್‌ಸ್ಕ್ರೈಬ್ ಮಾಡಿ." ಅವರು ಹೇಗಿದ್ದಾರೆ ಅನ್ನೋದು ಕೊನೆಗೂ ಗೊತ್ತಾಗುವುದಿಲ್ಲ! ಅದರ ಬದಲು "ಹೊಸ ವಿಡಿಯೋ ಮಾಡಿದ್ದೀನಿ, ನಿಮಗೆ ಇಷ್ಟವಾಗಬಹುದು ಅನಿಸಿತು, ಬಿಡುವಾದಾಗ ನೋಡಿ" ಅಂತ ನೇರವಾಗಿ ಕೇಳಿದರೆ ನಾನು ನೋಡುತ್ತೇನೆ. ಆಮೇಲೆ "ನೋಡಿದ್ರಾ?" ಅಂತ ಬೆನ್ನು ಹತ್ತಬಾರದು, ಅಷ್ಟೇ.

ತಾಯಿ ತೀರಿಕೊಂಡರು ಅಂತ ಬರೆದವರ ಪೋಸ್ಟಿನಡಿ "ಓಂ ಶಾಂತಿ" ಜೊತೆ ತನ್ನ ಚಾನೆಲ್ ಲಿಂಕ್ ಅಂಟಿಸಿದವರನ್ನೂ ಕಂಡಿದ್ದೇನೆ. ಅವರ ಬಗ್ಗೆ ಬರೆಯಲು ಮನಸ್ಸಿಲ್ಲ.

ಇದನ್ನು ಬರೀ ಸಭ್ಯತೆಯ ಪಾಠ ಅಂದುಕೊಳ್ಳಬೇಡಿ. ಲೆಕ್ಕಾಚಾರದಲ್ಲೂ ಇದು ನಷ್ಟವೇ. "ಇಷ್ಟವಾದರೆ ಲೈಕ್ ಒತ್ತಿ, ಮೂವರನ್ನು ಟ್ಯಾಗ್ ಮಾಡಿ" ಅಂತ ಬೇಡುವ ಪೋಸ್ಟುಗಳನ್ನು ಫೀಡ್‌ನಲ್ಲಿ ಕೆಳಕ್ಕೆ ತಳ್ಳುತ್ತೇವೆ ಅಂತ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿತ್ತು. ಮರುತಿಂಗಳು, 2018ರ ಜನವರಿಯಲ್ಲಿ, ಜನ ಪರಸ್ಪರ ಮಾತಾಡುವಂಥ ಪೋಸ್ಟುಗಳಿಗೆ ಜಾಸ್ತಿ ಜಾಗ ಅಂತಲೂ ಹೇಳಿತು. ಒಂದೇ ಪೋಸ್ಟರನ್ನು ದಿನಾ ಹಾಕಿದರೆ ಅದರ ಕೆಳಗೆ ಯಾರು ಏನು ಮಾತಾಡುತ್ತಾರೆ? ಒಂದು ಕೈಮುಗಿಯುವ ಚಿತ್ರ, ಮುಗೀತು.

ನನ್ನ ಸ್ನೇಹಿತರ ಪಟ್ಟಿಯಲ್ಲಿ ಪುಸ್ತಕ ಬೈಂಡಿಂಗ್ ಮಾಡುವವರೊಬ್ಬರಿದ್ದಾರೆ. "ಆರ್ಡರ್ ಕೊಡಿ" ಅಂತ ಅವರು ಬರೆಯುವುದೇ ಅಪರೂಪ. ಹುಳ ತಿಂದ ಹಳೇ ನಿಘಂಟಿನ ಬೆನ್ನು ಬಿಚ್ಚಿ, ಒಣಗಿದ ಅಂಟು ಕೆರೆದು, ಹಾಳೆಗಳನ್ನು ಮತ್ತೆ ಹೊಲಿಯುವ ಫೋಟೊ ಹಾಕುತ್ತಾರೆ. ದಾರಕ್ಕೆ ಮೇಣ ಯಾಕೆ ಸವರಬೇಕು ಅಂತ ಎರಡು ಸಾಲು ಬರೆಯುತ್ತಾರೆ. ಸವರದಿದ್ದರೆ ಹೊಲಿಯುವಾಗ ಸಿಕ್ಕು ಬೀಳುತ್ತಂತೆ. ನಾನು ಬೈಂಡಿಂಗ್ ಮಾಡುವವನಲ್ಲ, ಆದರೂ ಪೂರ್ತಿ ಓದುತ್ತೇನೆ. ಕೆಳಗೆ ಯಾರಾದರೂ ಬಂದು ಕೇಳಿಯೇ ಕೇಳುತ್ತಾರೆ: "ಸರ್, ನಮ್ಮ ತಾತನ ಪುಸ್ತಕ ಒಂದಿದೆ, ಸರಿ ಮಾಡಿಕೊಡ್ತೀರಾ?" ಎಷ್ಟಾಗುತ್ತೆ ಅಂತ ಕೇಳಿದರೆ ಅಲ್ಲೇ ಹೇಳುತ್ತಾರೆ. "ಇನ್‌ಬಾಕ್ಸ್‌ಗೆ ಬನ್ನಿ" ಅನ್ನುವ ಗುಟ್ಟಿಲ್ಲ. ಕೆಲಸ ಚೆನ್ನಾಗಿದ್ದರೆ ಅದನ್ನು ತೋರಿಸಿದರೆ ಸಾಕು, ಹೊಗಳುವುದನ್ನು ನೋಡಿದವರಿಗೆ ಬಿಡಿ.

ಹುಸಿ ವಿನಯವೂ ಬೇಡ. "ಈ ಪ್ರಶಸ್ತಿಗೆ ನಾನು ಅರ್ಹನೇ ಅಲ್ಲ" ಅಂತ ಬರೆದು ಹಾರ ಹಾಕಿಸಿಕೊಂಡ ಹತ್ತು ಫೋಟೊ ಹಾಕುವುದಕ್ಕಿಂತ "ಪ್ರಶಸ್ತಿ ಬಂತು, ತುಂಬಾ ಖುಷಿಯಾಗಿದೆ" ಅನ್ನಿ. ನಾವೂ ಖುಷಿಪಡುತ್ತೇವೆ. ಹಾಗೇ, ಆಗಾಗ ಬೇರೆಯವರು ಬರೆದಿದ್ದನ್ನೂ ಓದಿ. ಓದಿದ ಮೇಲೆ "ಸೂಪರ್" ಅಂತ ಸುಮ್ನೆ ಒತ್ತಿ ಹೋಗದೆ ಯಾವ ಸಾಲು ಹಿಡಿಸಿತು ಅಂತ ಹೇಳಿ. ಹಾಗೆ ಮಾತಾಡಿಸಿದವರ ಗೋಡೆಗೆ ಜನ ತಾವಾಗಿಯೇ ಹೋಗಿ ನೋಡುತ್ತಾರೆ, ನಾನಂತೂ ಹೋಗುತ್ತೇನೆ.

ಇಷ್ಟಾದ ಮೇಲೂ ಟ್ಯಾಗ್ ಮಾಡಲೇಬೇಕು ಅನಿಸಿದರೆ, ಆ ಕೆಲಸದಲ್ಲಿ ಕೈ ಜೋಡಿಸಿದವರನ್ನು ಮಾಡಿ. ಮುಖಪುಟ ಬರೆದುಕೊಟ್ಟವರು, ಕರಡು ತಿದ್ದಿದವರು, ರಾತ್ರಿಯೆಲ್ಲ ಕೂತು ಎಡಿಟ್ ಮಾಡಿದವರು. ಪೋಸ್ಟರ್‌ನಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಇವರದೇ ಹೆಸರು.