ಅಲ್ವಾ ಎಂಬ ಇಂಗ್ಲಿಷ್ ಪದ

ಇವತ್ತು ಬೆಳಿಗ್ಗೆ ನನ್ನ ಪಾಠ ನೋಡಲು ಸೂಪರ್‌ವೈಸರ್ ಮೇಡಂ ಬಂದಿದ್ದರು. ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವವರಿಗೆಲ್ಲ ಈ ಸಂಕಟ ಗೊತ್ತಿರುತ್ತದೆ. ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ನಗುವುದಿಲ್ಲ. ನಾವು ಬಾಯಿ ತೆರೆದರೆ ಏನೋ ಬರೆದುಕೊಳ್ಳುತ್ತಾರೆ, ಮುಚ್ಚಿದರೆ ಇನ್ನೂ ಜಾಸ್ತಿ ಬರೆದುಕೊಳ್ಳುತ್ತಾರೆ.

ನಾನೇನು ಸುಮ್ನೆ ವಿಮಾನ ಹತ್ತಿ ಬಂದಿಲ್ಲ. 120 ಗಂಟೆಯ ತರಬೇತಿ ಮುಗಿಸಿದ್ದೇನೆ. ಡಿಗ್ರಿ ಸರ್ಟಿಫಿಕೇಟಿಗೆ, ಅದರ ಸಹಿ-ಸೀಲು ಅಸಲಿ ಎಂದು ಹೊರದೇಶಕ್ಕೆ ಹೇಳುವ ಅಪೊಸ್ಟಿಲ್ ಮುದ್ರೆ ಹಾಕಿಸಿದ್ದೇನೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಆ ಮುದ್ರೆಯನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರು. ಆದರೆ ಅದು ಕಾಗದಕ್ಕೆ ಮಾತ್ರ. ಮನುಷ್ಯನ ವಿಷಯ ಬಂದಾಗ, 'ಇಂಗ್ಲಿಷ್ ಮಾತೃಭಾಷೆಯವರೇ ಬೇಕು' ಎನ್ನುವ ಜಾಹೀರಾತುಗಳನ್ನು ಎಷ್ಟು ದಾಟಿ ಬಂದಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ತರಗತಿಯಲ್ಲಿ ನನ್ನ ಇಂಗ್ಲಿಷ್ ಇಸ್ತ್ರಿ ಹಾಕಿದಂತೆ ಇರುತ್ತದೆ. ಇರುತ್ತದೆ ಅಂದುಕೊಂಡಿದ್ದೆ.

ಮುಂದಿನ ಸಾಲಿನಲ್ಲಿ ಒಬ್ಬರು ಹಿರಿಯರಿದ್ದಾರೆ. ನಿವೃತ್ತ ಲೆಕ್ಕಿಗರು. ದಪ್ಪ ನೋಟ್‌ಬುಕ್, ನಾಲ್ಕು ಬಣ್ಣದ ಪೆನ್ನು. ನನ್ನ ಬಾಯಿಂದ ಬಿದ್ದದ್ದೆಲ್ಲ ಅದರೊಳಗೆ ಹೋಗುತ್ತದೆ. ಬೋರ್ಡಿನ ಮೇಲಿರುವುದನ್ನು ಬರೆದರೆ ಸರಿ. ಇವರು ನಾನು ಡಸ್ಟರ್ ಹುಡುಕುತ್ತಾ ಗೊಣಗಿದ್ದನ್ನೂ ಬರೆಯುತ್ತಾರೆ. ಒಮ್ಮೆ ನಾನು ಸೀನಿದೆ. ತಲೆ ಎತ್ತಿ ಸ್ಪೆಲಿಂಗ್ ಕೇಳಿದರು. (ಸೀನಿಗೂ ಇಂಗ್ಲಿಷಿನಲ್ಲಿ ಸ್ಪೆಲಿಂಗ್ ಇದೆ. ಹೇಳಿಕೊಟ್ಟೆ.) 'ಅರ್ಥ ಆಯ್ತಾ' ಎಂದು ಕೇಳಬೇಡಿ, ಎಲ್ಲರೂ ಸುಮ್ನೆ ತಲೆಯಾಡಿಸುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರು. ತಲೆಯಾಡಿಸದೆ ಬರೆದುಕೊಳ್ಳುವವರನ್ನು ಏನು ಮಾಡಬೇಕೆಂದು ಹೇಳಿರಲಿಲ್ಲ.

ಇವತ್ತಿನ ಪಾಠ ಕ್ವೆಶ್ಚನ್ ಟ್ಯಾಗ್, ಅಂದರೆ ವಾಕ್ಯದ ಬಾಲಕ್ಕೆ ಅಂಟಿಸುವ ಪುಟ್ಟ ಪ್ರಶ್ನೆ. ನಾನು ಆರಿಸಿದ್ದಲ್ಲ, ಪುಸ್ತಕದಲ್ಲಿ ಅದೇ ಪುಟ ಬಂದಿತ್ತು. ಯು ಆರ್ ಎಂದರೆ ಆರಂಟ್ ಯು. ಹಿ ವೆಂಟ್ ಎಂದರೆ ಡಿಡಂಟ್ ಹಿ. ಶಿ ಕಾಂಟ್ ಎಂದರೆ ಕ್ಯಾನ್ ಶಿ. ಇಲ್ಲಿಯವರೆಗೆ ಹಿರಿಯರ ನೀಲಿ ಪೆನ್ನು ಓಡುತ್ತಿತ್ತು. ಐ ಆಮ್ ಎಂದರೆ ಆರಂಟ್ ಐ ಅಂದಾಗ ನಿಂತಿತು.

"ಆಮಂಟ್ ಐ ಅಲ್ಲವೇ?" ಎಂದರು. ನ್ಯಾಯವಾದ ಪ್ರಶ್ನೆ. ಸ್ಕಾಟ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ ಹಾಗೂ ಅನ್ನುತ್ತಾರೆ, ನಮ್ಮ ಪುಸ್ತಕದಲ್ಲಿ ಇಲ್ಲ ಎಂದೆ. ಹಸಿರು ಪೆನ್ನು ತೆಗೆದರು. ಹಿಂದಿನ ಸಾಲಿನಲ್ಲಿ ಮೇಡಂ ಪೆನ್ನೂ ಓಡಿತು.

ಆಮೇಲೆ ಇಬ್ಬಿಬ್ಬರು ಜೋಡಿಯಾಗಿ ಮಾತಾಡಬೇಕು. ಹಿರಿಯರು ಪಕ್ಕದವರ ಕಡೆ ತಿರುಗಿ, ಸ್ಪಷ್ಟವಾಗಿ, ದೊಡ್ಡ ದನಿಯಲ್ಲಿ ಕೇಳಿದರು: "ಟುಡೇ ಈಸ್ ವೆರಿ ಕೋಲ್ಡ್, ಅಲ್ವಾ?"

ಕಿವಿ ತಪ್ಪಿ ಕೇಳಿತು ಅಂದುಕೊಂಡೆ. ಪಕ್ಕದವರು ಒಂಚೂರೂ ತಡವರಿಸದೆ, "ಯೆಸ್. ಯು ಆರ್ ಟೈರ್ಡ್, ಅಲ್ವಾ?" ಎಂದರು. ಕಿಟಕಿ ಪಕ್ಕದಿಂದ ಒಂದು ಅಲ್ವಾ. ಬಾಗಿಲ ಪಕ್ಕದಿಂದ ಇನ್ನೊಂದು. ಹನ್ನೆರಡು ಜನ, ಹನ್ನೆರಡು ಅಲ್ವಾ.

ನೋಟ್‌ಬುಕ್ ತಿರುವಿ ನೋಡಿದೆ. ಮೂರನೇ ವಾರದ ಪುಟದಲ್ಲಿ ಕೆಂಪು ಶಾಯಿಯಲ್ಲಿ, ಉಚ್ಚಾರಣೆಯ ಚಿಹ್ನೆ ಸಮೇತ ಕೂತಿತ್ತು. ಕೆಳಗೆ ಟಿಪ್ಪಣಿ: 'ವಾಕ್ಯದ ಕೊನೆಗೆ ಬರುತ್ತದೆ. ಎಲ್ಲ ಕ್ರಿಯಾಪದಕ್ಕೂ ಹೊಂದುತ್ತದೆ. ವಿನಾಯಿತಿ ಇಲ್ಲ. ಟೀಚರ್ ದಿನಕ್ಕೆ ಸುಮಾರು ಹತ್ತು ಸಲ ಬಳಸುತ್ತಾರೆ.' ಲೆಕ್ಕಿಗರು, ಲೆಕ್ಕ ತಪ್ಪಿರಲಿಕ್ಕಿಲ್ಲ. ಇದಕ್ಕಿಂತ ಚೊಕ್ಕವಾಗಿ ಆ ಪದದ ವ್ಯಾಕರಣ ನನಗೂ ಬರೆಯಲು ಬರುತ್ತಿರಲಿಲ್ಲ.

ಮೇಡಂ ವರದಿಯಲ್ಲಿ 'ಮಾದರಿ ಭಾಷೆ' ಎನ್ನುವ ಕಡೆ ಐದಕ್ಕೆ ಎರಡು. 'ಶಿಕ್ಷಕರ ಮಾತು ಜಾಸ್ತಿ' ಎನ್ನುವುದಕ್ಕೆ ಕೆಳಗೆ ಗೆರೆ ಬೇರೆ. ಹನ್ನೆರಡು ಜನ ಒಂದೇ ಒಂದು ತಪ್ಪಿಲ್ಲದೆ ಪ್ರಶ್ನೆ ಕೇಳಿದರಲ್ಲ, ಅದಕ್ಕೆ ಅಂಕವೇ ಇಲ್ಲ.

ಸಂಜೆ ರೂಮಿಗೆ ಬಂದು ಮನೆಗೆ ಫೋನ್ ಮಾಡೋಣ ಅಂದುಕೊಂಡೆ. ಅಲ್ಲಿ ಆಗಲೇ ನಡುರಾತ್ರಿ. ಬಂದು ಎಂಟು ತಿಂಗಳಾಯಿತು. ಇಲ್ಲಿ ಎದುರಾ ಎದುರು ನಿಂತು ನನಗೆ ಅಲ್ವಾ ಅಂದವರು ಇವತ್ತಿನವರೆಗೆ ಯಾರೂ ಇರಲಿಲ್ಲ. 'ಲ್' ಸ್ವಲ್ಪ 'ರ್' ಕಡೆ ವಾಲಿತ್ತು, ಅಷ್ಟೆ.

ಬುಧವಾರ ಆ ಪದವನ್ನು ಎಲ್ಲರ ಪುಸ್ತಕದಿಂದಲೂ ಹೊಡೆದು ಹಾಕಿಸಬೇಕಂತೆ. ಮೇಡಂ ಅಪ್ಪಣೆ. ಮಾಡಿಸೋಣ, ಮೊದಲು ಪ್ರೆಸೆಂಟ್ ಪರ್ಫೆಕ್ಟ್ ಮುಗಿಯಲಿ. ಅದು ಯಾವ ಕಾಲಕ್ಕೂ ಮುಗಿಯುವ ಪಾಠವಲ್ಲ.